ಕುತ್ತಿಗೆಗೆ ಅವಸರವಿಲ್ಲ

ತೂಕ ಇಳಿಸುವ ಶಸ್ತ್ರಚಿಕಿತ್ಸೆ ಈಗ ದೊಡ್ಡವರ ಮನೆಯ ಸಂಗತಿಯಾಗಿ ಉಳಿದಿಲ್ಲ. ನಿತಿನ್ ಗಡ್ಕರಿ 2011ರಲ್ಲಿ, ಅರುಣ್ ಜೇಟ್ಲಿ 2014ರಲ್ಲಿ ಅದನ್ನು ಮಾಡಿಸಿಕೊಂಡಾಗ ಪತ್ರಿಕೆಯಲ್ಲಿ ಓದಿ ಹುಬ್ಬೇರಿಸಿದವರು ನಾವು. ಇಂದು ಜಿಲ್ಲಾ ಕೇಂದ್ರಗಳಲ್ಲಿ, ತಾಲ್ಲೂಕುಗಳಲ್ಲಿ, ಕೊನೆಗೆ ಹಳ್ಳಿಗಳಲ್ಲೂ ಅದರ ಮಾತು ಕೇಳಿಬರುತ್ತದೆ. ಆದರೆ ತೂಕ ಇಳಿದ ಮೇಲೆ ಎದುರಾಗುವ ಇನ್ನೊಂದು ಪ್ರಶ್ನೆಯ ಬಗ್ಗೆ ಯಾರೂ ಮೊದಲೇ ಹೇಳಿರುವುದಿಲ್ಲ. ಕೊಬ್ಬು ಹೋಯಿತು, ಚರ್ಮ ಉಳಿಯಿತು, ಇದನ್ನೇನು ಮಾಡಬೇಕು?

ದೇವದುರ್ಗ ತಾಲ್ಲೂಕಿನ ಮಸರಕಲ್ಲಿನಿಂದ ಬಸ್ಸು ಹಿಡಿದು ರಾಯಚೂರಿನ ಕಾಲೇಜಿಗೆ ಹೋಗಿಬರುವ ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳೋಣ. ವಯಸ್ಸು ಇಪ್ಪತ್ತೊಂದು, ಎತ್ತರ 160 ಸೆಂಟಿಮೀಟರ್. ತೂಕ 108 ಕಿಲೋ ಇತ್ತು, ಜೊತೆಗೆ ಸಕ್ಕರೆ ಕಾಯಿಲೆಯೂ ಶುರುವಾಗಿತ್ತು. ಹನ್ನೊಂದು ತಿಂಗಳ ಹಿಂದೆ ಹೈದರಾಬಾದಿನಲ್ಲಿ ಜಠರ ಕಿರಿದು ಮಾಡುವ ಶಸ್ತ್ರಚಿಕಿತ್ಸೆಯಾಯಿತು. ಈಗ ತೂಕ 72 ಕಿಲೋ. ಸಕ್ಕರೆ ಹತೋಟಿಗೆ ಬಂದಿದೆ, ಮೆಟ್ಟಿಲು ಹತ್ತಿದರೆ ಏದುಸಿರಿಲ್ಲ. ಆದರೆ ಗಲ್ಲದ ಕೆಳಗೆ ಚರ್ಮ ಜೋತುಬಿದ್ದಿದೆ. ಫೋಟೋ ತೆಗೆಯುವಾಗ ದುಪಟ್ಟಾ ಕುತ್ತಿಗೆಗೆ ಸುತ್ತಿಕೊಳ್ಳುತ್ತಾಳೆ. ಒಂದು ದಿನ ತಾಯಿಯನ್ನು ಕೇಳುತ್ತಾಳೆ: “ಯವ್ವಾ, ಈ ಕುತ್ತಿಗಿ ತೊಗಲು ಹಿಂಗ ಇರ್ತದೇನು? ಇದಕ್ಕೂ ಆಪರೇಷನ್ ಐತಂತ.”

ತಾಯಿ ಏನು ಹೇಳಬೇಕು? “ಸುಮ್ಮನಿರು, ಜೀವ ಉಳಿದದ್ದೇ ದೊಡ್ಡದು” ಎಂದರೆ ಮಾತು ಅಲ್ಲಿಗೆ ಮುಗಿಯುತ್ತದೆ, ಆದರೆ ಹುಡುಗಿಯ ಚಿಂತೆ ಮುಗಿಯುವುದಿಲ್ಲ. “ಆಗಲಿ, ನಾಳೆಯೇ ಹೋಗೋಣ” ಎಂದರೆ ಅದೂ ತಪ್ಪು. ಇವೆರಡರ ನಡುವೆ ಇರುವ ದಾರಿಯನ್ನು ಈ ವಾರ ನೋಡೋಣ.

ಮೊದಲು ಚರ್ಮ ಜೋತುಬೀಳುವುದೇಕೆ ಎಂಬುದನ್ನು ತಿಳಿಯಬೇಕು. ನಮ್ಮ ಚರ್ಮದೊಳಗೆ ಕೊಲಾಜೆನ್ ಮತ್ತು ಇಲಾಸ್ಟಿನ್ ಎಂಬ ಎಳೆಗಳಿವೆ. ಕೊಲಾಜೆನ್ ಚರ್ಮಕ್ಕೆ ಬಿಗಿ ಕೊಡುತ್ತದೆ, ಇಲಾಸ್ಟಿನ್ ಅದನ್ನು ರಬ್ಬರಿನಂತೆ ಹಿಂದಕ್ಕೆಳೆಯುತ್ತದೆ. ವರ್ಷಗಟ್ಟಲೆ ಹಿಗ್ಗಿದ ಚರ್ಮದಲ್ಲಿ ಈ ಎಳೆಗಳು ಸಡಿಲಗೊಂಡು ತುಂಡಾಗಿರುತ್ತವೆ. ಒಳಗಿನ ಕೊಬ್ಬು ಬೇಗ ಕರಗಿದಾಗ ಚರ್ಮ ಅಷ್ಟೇ ಬೇಗ ಕುಗ್ಗಲಾರದು. ಕುತ್ತಿಗೆಯ ಮುಂಭಾಗದಲ್ಲಿ ಚರ್ಮದ ಕೆಳಗೇ ಪ್ಲಾಟಿಸ್ಮಾ ಎಂಬ ತೆಳುವಾದ ಸ್ನಾಯುವಿನ ಹಾಳೆಯಿದೆ. ಅದೂ ಸಡಿಲಾದರೆ ಗಲ್ಲ ಮತ್ತು ಕುತ್ತಿಗೆಯ ನಡುವಿನ ಮೂಲೆ ಮಾಯವಾಗುತ್ತದೆ. ಹರೆಯದವರ ಚರ್ಮ ವಯಸ್ಸಾದವರದಕ್ಕಿಂತ ಚೆನ್ನಾಗಿ ಕುಗ್ಗುತ್ತದೆ, ಆದರೆ ಪೂರ್ತಿ ಕುಗ್ಗುತ್ತದೆಂದು ಹೇಳಲಾಗದು. ಎಣ್ಣೆ, ಕ್ರೀಮು, ಕುತ್ತಿಗೆಯ ಕಸರತ್ತುಗಳಿಂದ ಹೆಚ್ಚುವರಿ ಚರ್ಮ ಹೋಗುವುದಿಲ್ಲ. ಅವಕ್ಕಾಗಿ ಹಣ ಸುರಿಯಬೇಕಿಲ್ಲ.

ಕುತ್ತಿಗೆಯ ಶಸ್ತ್ರಚಿಕಿತ್ಸೆಯಲ್ಲಿ ವೈದ್ಯರು ಕಿವಿಯ ಸುತ್ತ ಮತ್ತು ಹಿಂದೆ, ಹಲವೊಮ್ಮೆ ಗಲ್ಲದ ಕೆಳಗೂ ಕೊಯ್ದು, ಸಡಿಲ ಸ್ನಾಯುವನ್ನು ಹೊಲಿದು ಬಿಗಿಗೊಳಿಸಿ, ಹೆಚ್ಚಿನ ಚರ್ಮವನ್ನು ತೆಗೆಯುತ್ತಾರೆ. ತುಂಬ ತೂಕ ಇಳಿದವರಲ್ಲಿ ತೆಗೆಯಬೇಕಾದ ಚರ್ಮ ಹೆಚ್ಚು, ಆದ್ದರಿಂದ ಗಾಯದ ಗೆರೆಯೂ ಉದ್ದ. ಬರೀ ಕೊಬ್ಬು ಹೀರುವ ಲೈಪೊಸಕ್ಷನ್ ಸಾಕೆಂದು ಯಾರಾದರೂ ಹೇಳಿದರೆ ಎಚ್ಚರದಿಂದಿರಿ. ಚರ್ಮ ಆಗಲೇ ಸಡಿಲವಾಗಿರುವವರಲ್ಲಿ ಅದರಿಂದ ಜೋತು ಇನ್ನಷ್ಟು ಹೆಚ್ಚಬಹುದು.

ಈಗ ನಮ್ಮ ಹುಡುಗಿಯ ಪ್ರಶ್ನೆಗೆ ಬರೋಣ. ಅವಳು ತನ್ನನ್ನೇ ಕೇಳಿಕೊಳ್ಳಬೇಕಾದ ನಾಲ್ಕು ಪ್ರಶ್ನೆಗಳಿವೆ.

ಮೊದಲನೆಯದು, ತೂಕ ನಿಂತಿದೆಯೇ? ಜಠರದ ಶಸ್ತ್ರಚಿಕಿತ್ಸೆಯ ನಂತರ ಮೊದಲ ತಿಂಗಳುಗಳಲ್ಲಿ ತೂಕ ದಡದಡನೆ ಇಳಿಯುತ್ತದೆ, ಆಮೇಲೆ ನಿಧಾನವಾಗುತ್ತದೆ. ಸಾಮಾನ್ಯವಾಗಿ 12ರಿಂದ 18 ತಿಂಗಳಲ್ಲಿ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಹಾಗೆ ನಿಂತ ಮೇಲೂ ಮೂರರಿಂದ ಆರು ತಿಂಗಳು ಕಾದು ನೋಡಬೇಕೆಂಬುದು ಪ್ಲಾಸ್ಟಿಕ್ ಸರ್ಜನ್ನರ ಸಾಮಾನ್ಯ ಸಲಹೆ. ಅದಕ್ಕೂ ಮುಂಚೆ ಕುತ್ತಿಗೆಗೆ ಕೈಹಾಕಿದರೆ, ಮುಂದೆ ತೂಕ ಇನ್ನೂ ಇಳಿದಾಗ ಚರ್ಮ ಮತ್ತೆ ಸಡಿಲಾಗುತ್ತದೆ. ಖರ್ಚೂ ನೋವೂ ಎರಡು ಸಲ. ಹನ್ನೊಂದು ತಿಂಗಳಾಗಿರುವ ನಮ್ಮ ಹುಡುಗಿಗೆ ಇಲ್ಲಿಯೇ ಉತ್ತರ ಸಿಕ್ಕಿತು: ಈಗಲ್ಲ. ಒಂದು ನೋಟ್ ಪುಸ್ತಕದಲ್ಲಿ ಪ್ರತಿ ತಿಂಗಳ ಒಂದನೇ ತಾರೀಕು, ಒಂದೇ ತಕ್ಕಡಿಯಲ್ಲಿ, ಬೆಳಿಗ್ಗೆ ಉಪಾಹಾರಕ್ಕೆ ಮುಂಚೆ ನೋಡಿದ ತೂಕ ಬರೆದಿಡಲಿ.

ಎರಡನೆಯದು, ಗಾಯ ಮಾಯುವಷ್ಟು ಶಕ್ತಿ ದೇಹದಲ್ಲಿದೆಯೇ? ಜಠರದ ಬಹುಭಾಗ ತೆಗೆದ ಮೇಲೆ ತುತ್ತುಗಳು ಕಡಿಮೆಯಾಗುತ್ತವೆ. ಕಬ್ಬಿಣ, ಬಿ12, ಡಿ ಜೀವಸತ್ವ, ಪ್ರೋಟೀನ್ ಇವೆಲ್ಲ ಕೊರತೆಯಾಗುವುದು ಸಾಮಾನ್ಯ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕೆನ್ನುತ್ತಾರೆ. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು 6 ಗ್ರಾಂ. ಆದ್ದರಿಂದ ತಟ್ಟೆಯಲ್ಲಿ ಮೊದಲು ಬೇಳೆ, ಮೊಸರು, ಮೊಟ್ಟೆ, ಶೇಂಗಾ. ರೊಟ್ಟಿ, ಅನ್ನ ಆಮೇಲೆ. ಇನ್ನೊಂದು ಮಾತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49ರ ವಯಸ್ಸಿನ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಜಠರದ ಶಸ್ತ್ರಚಿಕಿತ್ಸೆಯೂ ಅದರ ಮೇಲೆ ಸೇರಿದರೆ ಅಪಾಯ ಇಮ್ಮಡಿ. ಹಿಮೋಗ್ಲೋಬಿನ್, ಆಲ್ಬುಮಿನ್, ಬಿ12 ಪರೀಕ್ಷೆ ಮಾಡಿಸಿ, ಕೊರತೆಯಿದ್ದರೆ ಮೊದಲು ಅದನ್ನು ತುಂಬಿಕೊಳ್ಳಿ. ರಕ್ತ ಪರೀಕ್ಷೆಗೆ ಬೆಂಗಳೂರಿಗೆ ಹೋಗಬೇಕಿಲ್ಲ, ರಾಯಚೂರೇ ಸಾಕು. ಇನ್ನು ಹುಡುಗರಿಗೊಂದು ಮಾತು: ಬೀಡಿ ಸಿಗರೇಟು ಸೇದುವವರು, ಗುಟ್ಕಾ ಹಾಕುವವರು ಕನಿಷ್ಠ ನಾಲ್ಕು ವಾರ ಮೊದಲೇ ಪೂರ್ತಿ ಬಿಡಬೇಕು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ರಕ್ತ ಸಾಲದೆ ಹೊಲಿದ ಚರ್ಮವೇ ಕೊಳೆಯಬಹುದು.

ಮೂರನೆಯದು, ತೊಂದರೆ ನಿಜವಾಗಿ ಏನು? ಬೇಸಿಗೆಯಲ್ಲಿ ರಾಯಚೂರು ಸೀಮೆಯ ಬಿಸಿಲು ಎಲ್ಲರಿಗೂ ಗೊತ್ತು. ಚರ್ಮದ ಮಡಿಕೆಗಳಲ್ಲಿ ಬೆವರು ನಿಂತು ಕೆಂಪಾಗುವುದು, ಬುರುಸು ಹತ್ತುವುದು ಸುಳ್ಳಲ್ಲ. ಆದರೆ ಈ ಕಾಟ ಹೆಚ್ಚಾಗಿ ಹೊಟ್ಟೆ ಮತ್ತು ತೊಡೆಗಳಲ್ಲಿ, ಕುತ್ತಿಗೆಯಲ್ಲಿ ಕಡಿಮೆ. ಕುತ್ತಿಗೆ ಕಪ್ಪಾಗಿ ಮಖಮಲ್ಲಿನಂತೆ ದಪ್ಪಗಾಗಿದ್ದರೆ ಅದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ್ದರ ಗುರುತು. ತೂಕ ಇಳಿದಂತೆ ಅದು ತಾನಾಗಿ ತಿಳಿಯಾಗುತ್ತದೆ, ಕತ್ತರಿಯ ಕೆಲಸವಲ್ಲ. ಗಂಟಲ ಮುಂದೆ ಗಂಟಿದ್ದು ಉಗುಳು ನುಂಗಿದಾಗ ಮೇಲೆ ಕೆಳಗೆ ಚಲಿಸಿದರೆ ಅದು ಥೈರಾಯ್ಡ್ ಇರಬಹುದು, ಸಡಿಲ ಚರ್ಮವೆಂದು ಬಿಡಬಾರದು. ಇವೆಲ್ಲ ಇಲ್ಲದೆ, ಉಳಿದದ್ದು ನೋಟದ ಚಿಂತೆ ಮಾತ್ರವಾದರೆ, ಅದೂ ಸಣ್ಣದಲ್ಲ. ಆದರೆ ಅದು ನನ್ನ ಕಣ್ಣಿಗೆ ಬೇಕಾದದ್ದೋ, ನೋಡಲು ಬರುವ ಗಂಡಿನ ಕಡೆಯವರ ಕಣ್ಣಿಗೆ ಬೇಕಾದದ್ದೋ ಎಂದು ಬಿಡಿಸಿ ನೋಡಬೇಕು. ಮದುವೆಯ ಮುಹೂರ್ತಕ್ಕೆ ಹೊಂದಿಸಿ ಶಸ್ತ್ರಚಿಕಿತ್ಸೆಯ ದಿನ ಗೊತ್ತು ಮಾಡುವವರು ತಿಳಿಯಬೇಕಾದ್ದು: ಬಾವು ಪೂರ್ತಿ ಇಳಿಯಲು ತಿಂಗಳುಗಳು, ಗಾಯದ ಗೆರೆ ಮಾಸಲು ಹೆಚ್ಚುಕಡಿಮೆ ಒಂದು ವರ್ಷ ಬೇಕು.

ನಾಲ್ಕನೆಯದು, ಅಪಾಯ ಗೊತ್ತಿದೆಯೇ, ಆಗ ಜೊತೆಗಿರುವವರು ಯಾರು? ಈ ಶಸ್ತ್ರಚಿಕಿತ್ಸೆಯಲ್ಲಿ ಮುಖ್ಯವಾಗಿ ಕಾಡುವುದು ಚರ್ಮದ ಕೆಳಗೆ ರಕ್ತ ಕಟ್ಟುವುದು. ಅದು ಹೆಚ್ಚಾಗಿ ಮೊದಲ 24 ಗಂಟೆಗಳಲ್ಲಿ ಆಗುತ್ತದೆ. ಅಪರೂಪಕ್ಕೆ ಆ ಬಾವು ಉಸಿರಿನ ದಾರಿಯನ್ನೇ ಒತ್ತಬಹುದು, ಆಗ ನಿಮಿಷಗಳ ಲೆಕ್ಕ. ಕಿವಿಯ ಕೆಳಭಾಗಕ್ಕೆ ಹೋಗುವ ನರಕ್ಕೆ ಪೆಟ್ಟಾದರೆ ಕಿವಿಯ ಹಾಲೆ ಜೋಮು ಹಿಡಿದಂತಿರುತ್ತದೆ. ಕೆಳತುಟಿಯ ನರಕ್ಕಾದರೆ ನಗು ಸೊಟ್ಟಗಾಗುತ್ತದೆ. ಬಹುಪಾಲು ಮಂದಿಗೆ ಅದು ತಾತ್ಕಾಲಿಕ, ಎಲ್ಲರಿಗೂ ಅಲ್ಲ. ಕಿವಿ ಚುಚ್ಚಿಸಿದ ಜಾಗದಲ್ಲಿ ಚರ್ಮ ಗಂಟಾಗಿ ಬೆಳೆದಿದ್ದರೆ ಅದನ್ನು ವೈದ್ಯರಿಗೆ ತೋರಿಸಿ. ಅದು ಕೀಲಾಯ್ಡ್ ಆಗಿದ್ದರೆ ಕುತ್ತಿಗೆಯ ಗಾಯವೂ ಹಾಗೇ ಬೆಳೆಯಬಹುದು. ಮಸರಕಲ್ಲಿನವರು ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಮಾಡಿಸಿಕೊಂಡು ಮಾರನೆಯ ದಿನ ರಾತ್ರಿ ಬಸ್ಸಿಗೆ ಹತ್ತುವಂತಿಲ್ಲ. ಹೊಲಿಗೆ ಬಿಚ್ಚುವವರೆಗೆ ಆಸ್ಪತ್ರೆಯ ಸಮೀಪವೇ ಇರಬೇಕು. ಆ ದಿನಗಳ ಖರ್ಚನ್ನೂ ಜೊತೆಗೊಬ್ಬರನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಈ ಕೊನೆಯ ಮಾತಿಗೆ ಕರ್ನಾಟಕದಲ್ಲಿ ನೋವಿನ ನೆನಪೊಂದಿದೆ. 2022ರ ಮೇ 16ರಂದು ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡರು. ‘ಗೀತಾ’, ‘ದೊರೆಸಾನಿ’ ಧಾರಾವಾಹಿಗಳಲ್ಲಿ ಕಾಣಿಸಿಕೊಂಡಿದ್ದ ಅವರಿಗೆ ಆಗ 21 ವರ್ಷ. ತಮ್ಮ ಒಪ್ಪಿಗೆಯಿಲ್ಲದೆ ಚಿಕಿತ್ಸೆ ನಡೆಯಿತೆಂದು ತಂದೆತಾಯಿ ದೂರಿದರು. ಅದು ಕುತ್ತಿಗೆಯ ಚಿಕಿತ್ಸೆಯಲ್ಲ, ಅವರು ಜಠರದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರೂ ಅಲ್ಲ. ಆದರೂ ಚಂದಕ್ಕಾಗಿ ಮಾಡಿಸುವ ಚಿಕಿತ್ಸೆ ಸಣ್ಣದೆಂಬ ಭ್ರಮೆಯನ್ನು ಆ ದಿನ ಒಡೆಯಿತು.

ಕಾನೂನಿನ ಪ್ರಕಾರ 18 ತುಂಬಿದವರು ತಮ್ಮ ದೇಹದ ಬಗ್ಗೆ ತಾವೇ ಸಹಿ ಹಾಕಬಹುದು, ಹೆತ್ತವರ ಸಹಿ ಬೇಕಿಲ್ಲ. ಇದರ ಇನ್ನೊಂದು ಮುಖವನ್ನು ಹೆತ್ತವರೂ ತಿಳಿಯಬೇಕು. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಅರಿವಳಿಕೆಯಲ್ಲಿದ್ದ ಮಗಳ ಪರವಾಗಿ ತಾಯಿಯ ಒಪ್ಪಿಗೆ ಪಡೆದು, ಮೊದಲು ಒಪ್ಪಿರದ ದೊಡ್ಡ ಶಸ್ತ್ರಚಿಕಿತ್ಸೆ ಮಾಡಲಾಗಿತ್ತು. ಪ್ರಾಣಕ್ಕೆ ತಕ್ಷಣದ ಅಪಾಯವಿಲ್ಲದಿರುವಾಗ ವಯಸ್ಕ ರೋಗಿಯ ಬದಲು ತಾಯಿಯ ಒಪ್ಪಿಗೆ ಸಲ್ಲದು ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಾಗಾಗಿ ಮಗಳು ಹೆತ್ತವರಿಗೆ ಹೇಳದೆ ಹೋಗುವುದು ಕಾನೂನಿಗೆ ಸರಿಯಿದ್ದರೂ ಮನೆಗೆ ಸರಿಯಲ್ಲ. ಹೆತ್ತವರು ಮಗಳ ಪರವಾಗಿ ತಾವೇ ತೀರ್ಮಾನಿಸುವುದು ಎರಡಕ್ಕೂ ಸರಿಯಲ್ಲ. ಮಕ್ಕಳು ಮುಚ್ಚಿಡುವುದು ಹೆಚ್ಚಾಗಿ ನಗೆಪಾಟಲಿಗೆ ಹೆದರಿ. “ಮೊದಲು ದಪ್ಪ ಅಂತಿದ್ದಿ, ಈಗ ತೊಗಲು ಅಂತೀ” ಎಂಬ ಒಂದು ಮಾತು ಸಾಕು, ಮುಂದಿನ ಪ್ರಶ್ನೆ ಮನೆಯಲ್ಲಿ ಹುಟ್ಟುವುದಿಲ್ಲ. ಮೊಬೈಲಿನಲ್ಲಿ ಹುಟ್ಟುತ್ತದೆ, ಜಾಹೀರಾತು ಅದಕ್ಕೆ ಉತ್ತರ ಕೊಡುತ್ತದೆ.

ಹಣದ ಮಾತೂ ಬೇಕು. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಹೊರಡಿಸಿದ ನಿಯಮಗಳಂತೆ ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಕೆಲವು ಷರತ್ತಿನ ಮೇಲೆ ವಿಮೆ ಸಿಗಬಹುದು: ವಯಸ್ಸು 18 ದಾಟಿರಬೇಕು, ದೇಹ ತೂಕ ಸೂಚ್ಯಂಕ 40 ಅಥವಾ ಹೆಚ್ಚಿರಬೇಕು, ತೀವ್ರ ಕಾಯಿಲೆಗಳಿದ್ದರೆ 35. ಕಿಲೋದಲ್ಲಿನ ತೂಕವನ್ನು ಮೀಟರಿನಲ್ಲಿನ ಎತ್ತರದ ವರ್ಗದಿಂದ ಭಾಗಿಸಿದರೆ ಬರುವುದೇ ಈ ಸೂಚ್ಯಂಕ. ನಮ್ಮ ಹುಡುಗಿಗೆ ಮೊದಲು 42 ಇತ್ತು, ಈಗ 28. ಆದರೆ ಚಂದಕ್ಕಾಗಿ ಮಾಡಿಸುವ ಚಿಕಿತ್ಸೆಯನ್ನು ಅದೇ ನಿಯಮಗಳು ವಿಮೆಯಿಂದ ಹೊರಗಿಡಲು ಬಿಡುತ್ತವೆ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಅಥವಾ ಆರೋಗ್ಯಕ್ಕೆ ನೇರ ಅಪಾಯ ಇದ್ದರೆ ಮಾತ್ರ ವಿನಾಯಿತಿ. ಎಂದರೆ ಕುತ್ತಿಗೆಯ ಖರ್ಚು ಬಹುಮಟ್ಟಿಗೆ ಕೈಯಿಂದಲೇ. ಹತ್ತಿ ಮಾರಿದ ದುಡ್ಡೋ, ಸಾಲವೋ, ಕಾಲೇಜಿನ ಫೀಜಿಗೆ ತೆಗೆದಿಟ್ಟದ್ದೋ ಎಂಬುದನ್ನು ಮನೆಮಂದಿ ಕೂತು ಲೆಕ್ಕ ಹಾಕಲಿ.

ಆಸ್ಪತ್ರೆಗೆ ಹೋದಾಗ ಕೇಳಲು ನಾಚಬೇಡಿ. ವೈದ್ಯರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿ.ಎನ್.ಬಿ. ಓದಿದವರೇ? ತೂಕ ಇಳಿದವರ ಕುತ್ತಿಗೆಯ ಚಿಕಿತ್ಸೆ ಎಷ್ಟು ಮಾಡಿದ್ದಾರೆ? ಅರಿವಳಿಕೆ ತಜ್ಞರು ಯಾರು? ರಾತ್ರಿ ರಕ್ತ ಕಟ್ಟಿದರೆ ನೋಡುವವರು ಯಾರು? ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯಡಿ ನೋಂದಣಿ ಆಗಿದೆಯೇ? ಇಷ್ಟನ್ನು ಕೇಳಿದ್ದಕ್ಕೆ ಮುಖ ಸಿಂಡರಿಸುವ ಆಸ್ಪತ್ರೆಯಿಂದ ಎದ್ದು ಬರುವುದೇ ಲೇಸು. “ಈ ವಾರವೇ ಮಾಡಿಸಿದರೆ ರಿಯಾಯಿತಿ” ಎನ್ನುವ ಕಡೆಯಿಂದಲೂ ಅಷ್ಟೇ.

ತಾಳಿದವನು ಬಾಳಿಯಾನು ಎಂಬ ನಮ್ಮ ಗಾದೆ ಈ ವಿಷಯಕ್ಕೆ ಅಕ್ಷರಶಃ ಹೊಂದುತ್ತದೆ. ಅಪೆಂಡಿಕ್ಸ್ ಒಡೆದರೆ ಕಾಯಲಾಗದು, ಹೆರಿಗೆ ಕಷ್ಟವಾದರೆ ಕಾಯಲಾಗದು. ಕುತ್ತಿಗೆಯ ಸಡಿಲ ಚರ್ಮ ಮಾತ್ರ ಒಂದು ವರ್ಷ ಕಾದರೂ ಕೆಡುವುದಿಲ್ಲ. ಆ ನೋಟ್ ಪುಸ್ತಕದಲ್ಲಿ ಆರು ತಿಂಗಳ ಅಂಕಿಗಳು ಹೆಚ್ಚುಕಡಿಮೆ ಒಂದೇ ಸಮ ಬಂದು, ರಕ್ತ ಪರೀಕ್ಷೆಯೂ ಸರಿಯಿದ್ದ ದಿನ ಮಾತನ್ನು ಮತ್ತೆ ತೆಗೆಯಿರಿ. ಅಷ್ಟು ಹೊತ್ತಿಗೆ ಬೇಡವೆನ್ನಿಸಿದರೆ ಕಳೆದುಕೊಂಡದ್ದೇನೂ ಇಲ್ಲ. ಬೇಕೇಬೇಕು ಎನ್ನಿಸಿದರೆ ಸಹಿ ಮಗಳದಾಗಿರಲಿ, ಪಕ್ಕದ ಕುರ್ಚಿಯಲ್ಲಿ ಅವ್ವನೋ ಅಪ್ಪನೋ ಕೂತಿರಲಿ.