ಕೋವಿ ಅಂದರೆ ಕೂರಿಗೆಯಲ್ಲ

ಬಿಡಿಭಾಗ ಜೋಡಿಸುವುದು ರೈತನಿಗೆ ಹೊಸದಲ್ಲ. ಒಂದು ಕೂರಿಗೆಯ ತಾಳು, ಇನ್ನೊಂದರ ಬಟ್ಟಲು, ಅಟ್ಟದ ಮೇಲಿದ್ದ ಹಳೇ ಈಸು ಸೇರಿಸಿ ಮುಂಗಾರಿಗೆ ಕೂರಿಗೆ ಸಿದ್ಧ ಮಾಡಿಕೊಳ್ಳುತ್ತೇವೆ. ಹೊಂದದೆ ಹೋದರೆ ಒಂದೆರಡು ಸಾಲು ವಾರೆಯಾಗುತ್ತೆ, ಅಷ್ಟೇ. ಆದರೆ ಈ ಬುದ್ಧಿಯನ್ನೇ ಬೆಳೆ ಕಾಯುವ ಕೋವಿಗೂ ತಂದವರಿದ್ದಾರೆ. ಎಲ್ಲಿಂದಲೋ ಒಂದು ನಳಿಗೆ, ಇನ್ನೆಲ್ಲಿಂದಲೋ ಕುದುರೆ, ಊರ ಬಡಗಿ ಕೆತ್ತಿದ ಮರದ ಹಿಡಿ. "ಅಂಗಡಿ ಕೋವಿಯ ಕಾಲುಭಾಗ ದುಡ್ಡಿಗೆ ಆಯ್ತು" ಅಂತ ಹೇಳಿಕೊಳ್ಳುತ್ತಾರೆ. ಇದು ಉಳಿತಾಯವೇ ಅಲ್ಲ ಅನ್ನುವುದು ನನ್ನ ಅಭಿಪ್ರಾಯ.

ನಮ್ಮ ಬಯಲುಸೀಮೆಯಲ್ಲಿ ಕಾಡುಹಂದಿ ಕಾಟ ಎಷ್ಟು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಕಡಲೆಕಾಯಿ ಹೊಲಕ್ಕೆ ಒಂದು ರಾತ್ರಿ ಹಿಂಡು ನುಗ್ಗಿದರೆ ಬಿತ್ತನೆಬೀಜದ ದುಡ್ಡೂ ಹುಟ್ಟುವುದಿಲ್ಲ. ಹಾಗಾಗಿ ಕೋವಿ ಬೇಕು ಅನ್ನುವವರ ಸಂಕಟ ನನಗೆ ಅರ್ಥವಾಗುತ್ತೆ. ಎಂಥ ಕೋವಿ ಅನ್ನುವುದಷ್ಟೇ ಪ್ರಶ್ನೆ.

ಹೊಂದಿಕೆ ಕಣ್ಣಿಗೆ ಕಾಣುವುದಿಲ್ಲ

ಕೋವಿಯ ಮದ್ದು ಉರಿದಾಗ ಅದರ ಒತ್ತಡವೆಲ್ಲ ನಳಿಗೆಯ ಹಿಂಭಾಗದ ಮೇಲೆ ಬೀಳುತ್ತೆ. ಹೊಡೆಯುವವನ ಕೆನ್ನೆ, ಕಣ್ಣು ಇರುವುದೂ ಅದರ ಪಕ್ಕದಲ್ಲೇ. ನಳಿಗೆಯ ಉಕ್ಕು, ಹಿಂದಿನ ಮುಚ್ಚಳ, ಬೀಗ ಮೂರೂ ಒಂದಕ್ಕೊಂದು ಅಳತೆಯಿಟ್ಟು ಮಾಡಿದ್ದಾಗಿರಬೇಕು. ಕಾರ್ಖಾನೆ ಕೋವಿಯನ್ನು ಮಾಮೂಲಿಗಿಂತ ಜಾಸ್ತಿ ಒತ್ತಡದ ಈಡು ಹಾರಿಸಿ ಪರೀಕ್ಷೆ ಮಾಡಿ, ಗುರುತು ಒತ್ತಿ ಕಳಿಸುತ್ತಾರೆ. ನೀರಿನ ಪೈಪು ತಂದು ಬೆಸುಗೆ ಹಾಕಿದ ನಾಡಕೋವಿಗೆ ಯಾವ ಪರೀಕ್ಷೆ ಇದೆ? ಹತ್ತು ಈಡು ಸರಿಯಾಗಿ ಹಾರಿತು ಅಂದರೆ ಹನ್ನೊಂದನೆಯದೂ ಹಾರುತ್ತೆ ಅಂತ ನಂಬುವ ಹಾಗಿಲ್ಲ. ಬೆಸುಗೆ ಒಳಗೊಳಗೇ ಬಿರಿದಿದ್ದರೆ ಹೊರಗೆ ಗೊತ್ತಾಗುವುದಿಲ್ಲ.

ಒಳ್ಳೇ ಕೋವಿಯಲ್ಲೂ ತೋಟೆ ಹೊಂದದಿದ್ದರೆ ಅಪಾಯವೇ. ಪರವಾನಗಿ ಕೋವಿ ಇರುವವರು ಮೂರು ಸಂಗತಿ ನೆನಪಿಡಬೇಕು.

ಒಂದು, ಬೋರು. 12 ಬೋರಿನ ನಳಿಗೆ ದಪ್ಪ, 20 ಬೋರಿನದು ಸಣ್ಣ. 12ರ ಕೋವಿಗೆ ಕತ್ತಲಲ್ಲಿ 20ರ ತೋಟೆ ಹಾಕಿದರೆ ಅದು ಒಳಕ್ಕೆ ಜಾರಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತೆ. ಹಾರಲಿಲ್ಲ, ಬಿದ್ದುಹೋಯಿತೇನೋ ಅಂದುಕೊಂಡು ಹಿಂದಿನಿಂದ 12ರ ತೋಟೆ ಹಾಕಿ ಹೊಡೆದರೆ ನಳಿಗೆ ಸಿಡಿಯುತ್ತೆ. ಎರಡು ಬೋರಿನ ತೋಟೆ ಒಂದೇ ಚೀಲದಲ್ಲಿ ಇರಲೇಬಾರದು.

ಎರಡು, ತೋಟೆಯ ಉದ್ದ. 12 ಬೋರಿನಲ್ಲೇ 65 ಮಿ.ಮೀ., 70 ಮಿ.ಮೀ. ಅಂತ ಬೇರೆ ಬೇರೆ ಇವೆ. ಹಳೇ ಕೋವಿಯ ಮನೆ 65ಕ್ಕೆ ಮಾಡಿದ್ದರೂ 70ರ ತೋಟೆ ಒಳಗೆ ಕೂರುತ್ತೆ, ಕೋವಿ ಮುಚ್ಚಿಕೊಳ್ಳುತ್ತೆ. ಈಡಾದಾಗ ತೋಟೆಯ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತೆ. ಕೂತಿತು ಅಂದರೆ ಹೊಂದಿತು ಅಂತ ಅರ್ಥ ಅಲ್ಲ.

ಮೂರು, ಮದ್ದು. ಕೇಪಿನ ಕೋವಿ, ಅಂದರೆ ಬಾಯಿಯಿಂದ ಮದ್ದು ತುಂಬುವ ಕೋವಿ, ಕರಿಮದ್ದಿಗೆ ಮಾಡಿದ್ದು. ತೋಟೆ ಬಿಚ್ಚಿ ಅದರೊಳಗಿನ ಹೊಗೆಯಿಲ್ಲದ ಮದ್ದನ್ನು ಇದಕ್ಕೆ ತುಂಬುವುದು ಸಾವನ್ನು ಕರೆದಂತೆ.

ರೈಫಲ್ಲಿನ ಆಸೆ ಬೇಡ

ಕೆಲವು ಹುಡುಗರಿಗೆ ರೈಫಲ್ಲಿನ ಹುಚ್ಚು. ಅಮೆರಿಕದಲ್ಲಿ ನಳಿಗೆ, ಹಿಡಿ, ದುರ್ಬೀನು ಬಿಡಿಬಿಡಿಯಾಗಿ ಕೊಂಡು ಮನೆಯಲ್ಲೇ ರೈಫಲ್ ಕಟ್ಟಿಕೊಳ್ಳುತ್ತಾರಂತೆ, ನಾವ್ಯಾಕೆ ಕಟ್ಟಬಾರದು ಅಂತ ಕೇಳುತ್ತಾರೆ. ಅಲ್ಲಿನ ಕಾನೂನು ಬೇರೆ. ಅಳತೆಗೆ ಸರಿಯಾಗಿ ಮಾಡಿದ ಬಿಡಿಭಾಗ ಅಲ್ಲಿ ಅಂಗಡಿಯಲ್ಲೇ ಸಿಗುತ್ತೆ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಕೋವಿಯ ಬಿಡಿಭಾಗವೂ ಶಸ್ತ್ರವೇ. ಪರವಾನಗಿ ಇಲ್ಲದೆ ಕೋವಿ ತಯಾರಿಸಿದರೆ, 2019ರ ತಿದ್ದುಪಡಿಯ ನಂತರ ಕಡಿಮೆ ಅಂದರೂ 7 ವರ್ಷ ಜೈಲು, ಜೀವಾವಧಿವರೆಗೂ ಹೋಗಬಹುದು.

ಕಾನೂನು ಹಾಗಿರಲಿ, ಹೊಲಕ್ಕೆ ರೈಫಲ್ ಬೇಡವೇ ಬೇಡ. ಚರೆ ಸ್ವಲ್ಪ ದೂರಕ್ಕೇ ಬಲ ಕಳೆದುಕೊಳ್ಳುತ್ತೆ. ರೈಫಲ್ ಗುಂಡು ಕಿಲೋಮೀಟರುಗಟ್ಟಲೆ ಹೋಗುತ್ತೆ. ರಾತ್ರಿ ಪಕ್ಕದ ಹೊಲದಲ್ಲಿ ಕಾವಲು ಮಲಗಿರುವವನು ನಮ್ಮ ಅಣ್ಣನೋ ತಮ್ಮನೋ ಆಗಿರುತ್ತಾನೆ. ಅದೇ ಕಾಯ್ದೆಯ 13ನೇ ಕಲಮಿನಲ್ಲಿ ಬೆಳೆ ರಕ್ಷಣೆಗೆ ಕೇಪಿನ ಕೋವಿ, ಅದು ಸಾಲದು ಅಂತ ಅಧಿಕಾರಿಗೆ ಮನವರಿಕೆಯಾದರೆ 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ಸಾದಾ ಕೋವಿ ಕೊಡಬಹುದು ಅಂತ ಇದೆ. ರೈತನಿಗೆ ಅಷ್ಟು ಸಾಕು.

ಹಿಡಿಗೆ ಖರ್ಚು ಮಾಡಿ

ಹಳೇ ಪರವಾನಗಿ ಕೋವಿಯಲ್ಲಿ ಕಡಿಮೆ ಖರ್ಚಲ್ಲಿ ಸುಧಾರಿಸಬಹುದಾದ ಭಾಗ ಒಂದಿದೆ. ಅದು ಹೆಗಲಿಗೆ ಕೊಡುವ ಮರದ ಹಿಡಿ. ಮರದ ವಿಚಾರ ನಮಗೆ ಯಾರೂ ಕಲಿಸಬೇಕಿಲ್ಲ. ಕೊಡಲಿ ಕಾವಿಗೆ ನಾವು ನೋಡುವುದನ್ನೇ ಇಲ್ಲೂ ನೋಡಬೇಕು. ಕೈ ಸುತ್ತಿ ಹಿಡಿಯುವ ಸಣ್ಣ ಕುತ್ತಿಗೆಯ ಉದ್ದಕ್ಕೂ ಎಳೆ ನೇರವಾಗಿರಬೇಕು. ಅಡ್ಡ ಎಳೆ ಇದ್ದರೆ ಅಲ್ಲೇ ಮುರಿಯುತ್ತೆ. ಗಂಟು ಇರಬಾರದು. ಹಸಿಮರ ಬೇಡ, ಒಣಗುತ್ತಾ ಸೊರಗಿ ತಿರುಪು ಸಡಿಲವಾಗುತ್ತೆ. ಒಳ್ಳೇ ಕೋವಿಗೆ ಅಕ್ರೋಟು ಮರ ಹಾಕುವುದು ಅದು ಸೊಟ್ಟಗಾಗುವುದು ಕಡಿಮೆ, ಪೆಟ್ಟು ತಡೆಯುತ್ತೆ ಅಂತ.

ಮರ ಕಬ್ಬಿಣಕ್ಕೆ ಸಂದಿಲ್ಲದೆ ಕೂರಬೇಕು. ಸಂದಿದ್ದರೆ ಪ್ರತಿ ಈಡಿಗೂ ಕಬ್ಬಿಣ ಹಿಂದಕ್ಕೆ ಗುದ್ದಿ ಮರ ಸೀಳುತ್ತೆ. ಸೀಳಿದ ಹಿಡಿಗೆ ತಂತಿ ಸುತ್ತಿ, ಮೊಳೆ ಹೊಡೆದು ದಿನ ದೂಡಬೇಡಿ.

ಉದ್ದವೂ ಹೊಡೆಯುವವನ ಮೈಗೆ ಹೊಂದಬೇಕು. ಖಾಲಿ ಕೋವಿಯ ಹಿಡಿಯ ತುದಿಯನ್ನು ಮಡಿಸಿದ ಮೊಣಕೈ ಒಳಗಿಟ್ಟಾಗ ತೋರುಬೆರಳು ಟ್ರಿಗರಿಗೆ ಸಲೀಸಾಗಿ ಸಿಕ್ಕಿದರೆ ಅಂದಾಜು ಸರಿ. ಉದ್ದವಾದರೆ ಕಂಬಳಿಗೆ ಸಿಕ್ಕಿಕೊಳ್ಳುತ್ತೆ, ಗಿಡ್ಡವಾದರೆ ಹೆಬ್ಬೆರಳು ಮೂಗಿಗೆ ಬಡಿಯುತ್ತೆ. ಆದರೆ ಈ ಕೆಲಸವನ್ನೂ ಪರವಾನಗಿ ಇರುವ ಕೋವಿ ರಿಪೇರಿಯವನ ಹತ್ತಿರವೇ ಮಾಡಿಸಿ. ರಿಪೇರಿಗೂ ಪರವಾನಗಿ ಬೇಕು. ಊರ ಆಚಾರಿಯನ್ನು ಕೇಸಿಗೆ ಸಿಕ್ಕಿಸಬೇಡಿ.

ಸರಕಾರ ಮಾಡಬೇಕಾದ್ದು

ತಪ್ಪೆಲ್ಲ ರೈತನದೇ ಅಂತ ನಾನು ಹೇಳುವುದಿಲ್ಲ. ಕೋವಿ ರಿಪೇರಿ ಮಾಡುವವರು ಇರುವುದು ದೂರದ ಪಟ್ಟಣದಲ್ಲಿ. ಎರಡು ದಿನ ಕೂಲಿ, ಬಸ್ಸಿನ ಖರ್ಚು ಲೆಕ್ಕ ಹಾಕಿ ನಮ್ಮವರು ಕುಲುಮೆ ಕಡೆಗೆ ತಿರುಗುತ್ತಾರೆ. ಈಗ ಪರವಾನಗಿ ನವೀಕರಣ ಐದು ವರ್ಷಕ್ಕೊಮ್ಮೆ ಬರುತ್ತೆ. ಆಗ ಕಾಗದ, ನಂಬರು ನೋಡುತ್ತಾರೆಯೇ ಹೊರತು ನಳಿಗೆ ತುಕ್ಕು ತಿಂದಿದೆಯೇ, ಹಿಡಿ ಸೀಳಿದೆಯೇ ಅಂತ ಕೇಳುವವರಿಲ್ಲ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿದ ಕೋವಿ ವಾರಗಟ್ಟಲೆ ಅಲ್ಲೇ ಗೋಡೆಗೆ ಒರಗಿರುತ್ತೆ. ಆ ಹೊತ್ತಿಗೆ ತಾಲ್ಲೂಕಿಗೊಬ್ಬ ಪರವಾನಗಿ ರಿಪೇರಿಯವನನ್ನು ಕರೆಸಿ ಎಲ್ಲವನ್ನೂ ತಪಾಸಣೆ ಮಾಡಿಸಲಿ. ನ್ಯಾಯವಾದ ಕೂಲಿ ಕೊಡಲು ನಾವು ಸಿದ್ಧ. ದನಗಳಿಗೆ ಶಿಬಿರ ಮಾಡುವುದಿಲ್ಲವೇ, ಹಾಗೇ.

ಕೊನೆಗೆ ಇನ್ನೊಂದು ಮಾತು. ಕೋವಿ ಪರವಾನಗಿ ಬೇರೆ, ಹಂದಿ ಹೊಡೆಯುವ ಅನುಮತಿ ಬೇರೆ. 2022ರ ತಿದ್ದುಪಡಿಯಲ್ಲಿ ಕಾಡುಹಂದಿ ವನ್ಯಜೀವಿ ಕಾಯ್ದೆಯ ಎರಡನೇ ಪಟ್ಟಿಗೆ ಸೇರಿದೆ. ಬೆಳೆ ಹಾಳು ಮಾಡುವ ಹಂದಿಯನ್ನು ಹೊಡೆಯಲೂ ಅರಣ್ಯ ಇಲಾಖೆಯ ಅಧಿಕಾರವುಳ್ಳ ಅಧಿಕಾರಿಯ ಲಿಖಿತ ಆದೇಶ ಬೇಕು. ಹಾಗಾಗಿ ಬೇಲಿ, ಅಟ್ಟಣೆ, ಸರದಿ ಕಾವಲು ಇವಕ್ಕೆ ಮೊದಲ ದುಡ್ಡು ಹಾಕಿ. ಅದಾದ ಮೇಲೂ ಕೋವಿ ಬೇಕೇ ಬೇಕು ಅನ್ನಿಸಿದರೆ ಪರವಾನಗಿ ಮಾಡಿಸಿ, ಪರೀಕ್ಷೆಯ ಗುರುತಿರುವ ಇಡೀ ಕೋವಿಯನ್ನೇ ಕೊಳ್ಳಿ. ಈ ವರ್ಷ ಹಂದಿ ತಿಂದ ಬೆಳೆ ಮುಂದಿನ ಮಳೆಗೆ ಬಂದೀತು. ಸಿಡಿದ ನಳಿಗೆ ಕೊಂಡೊಯ್ದ ಕೈ ಮತ್ತೆ ಚಿಗುರುವುದಿಲ್ಲ.