ಪೈಪ್ ಬ್ಯಾಂಡಿನ ಡ್ರಮ್ಮು: ಸ್ವಂತವೆಷ್ಟು, ಸಾಲವೆಷ್ಟು?

ನಮ್ಮ ಎನ್.ಸಿ.ಸಿ. ಬ್ಯಾಂಡಿನಲ್ಲಿ ಎರಡು ವರ್ಷ ಸೈಡ್ ಡ್ರಮ್ ಹೊತ್ತವನು ನಾನು. ಬಾರಿಸಿದೆನೆನ್ನುವುದಕ್ಕಿಂತ ಹೊತ್ತೆನೆನ್ನುವುದೇ ಸರಿಯೆಂದು ಗೆಳೆಯರ ಅಭಿಪ್ರಾಯ. ಈಚೆಗೊಂದು ಸಂಜೆ ಹಾಸ್ಟೆಲಿನಲ್ಲಿ ಗ್ಲಾಸ್ಗೋ ನಗರದ ಪೈಪ್ ಬ್ಯಾಂಡ್ ಸ್ಪರ್ಧೆಯ ಧ್ವನಿಮುದ್ರಣವನ್ನು ಕೇಳುತ್ತಿದ್ದಾಗ ಮಿತ್ರನೊಬ್ಬನು, "ಇದರಲ್ಲಿ ಸ್ಕಾಟ್ಲೆಂಡಿನದು ಏನಯ್ಯಾ ಉಳಿದಿದೆ? ಕೈಚಳಕವೆಲ್ಲ ಸ್ವಿಟ್ಜರ್ಲೆಂಡಿನದು, ಅಮೆರಿಕದ್ದು. ಬರೀ ಕಲಬೆರಕೆ!" ಎಂದನು. ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಊಟದ ಗಂಟೆ ನನ್ನ ಮಾನ ಉಳಿಸಿತು. ಆ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ಮೃದಂಗ ಕಲಿಯುವ ಹುಡುಗನು ತ-ದಿ-ತೊಂ-ನಂ ಎಂದು ಪಾಠ ಆರಂಭಿಸುವಂತೆ, ಕೋಲಿನಿಂದ ಡ್ರಮ್ ಬಾರಿಸುವವನೂ ಕೆಲವು ಮೂಲ ಪೆಟ್ಟುಗಳನ್ನು ಕೈಗೆ ಕೂಡಿಸಿಕೊಳ್ಳಬೇಕು. ಇವೇ 'ರೂಡಿಮೆಂಟು'ಗಳು. ಬಲ-ಎಡ-ಬಲ-ಬಲ, ಎಡ-ಬಲ-ಎಡ-ಎಡ ಎಂದರೆ 'ಪ್ಯಾರಡಿಡ್ಲ್'. ಮುಖ್ಯ ಪೆಟ್ಟಿಗೆ ಒಂದು ಕಿರುಪೆಟ್ಟು ಮುಂಚಿತವಾಗಿ ತಗಲಿದರೆ 'ಫ್ಲ್ಯಾಮ್'. ನಮ್ಮ ಜತಿಗಳಂತೆ ಇಲ್ಲಿಯೂ ಹೆಸರಿನಲ್ಲಿಯೇ ಸದ್ದು ಅಡಗಿದೆ. ಅಮೆರಿಕದಲ್ಲಿ ಚಾರ್ಲ್ಸ್ ಸ್ಟೂವರ್ಟ್ ಆಶ್ವರ್ತ್ 1812ರಲ್ಲಿಯೇ ಇವುಗಳ ಪುಸ್ತಕ ಬರೆದನು. 1933ರಲ್ಲಿ ಷಿಕಾಗೋದಲ್ಲಿ ಕೂಡಿದ ವಾದಕರು 26 ಪೆಟ್ಟುಗಳನ್ನು ಅಂಗೀಕರಿಸಿದರು. 1984ರಲ್ಲಿ ಆ ಪಟ್ಟಿ 40ಕ್ಕೆ ಏರಿತು.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಕಥೆ ಇನ್ನೂ ಸೊಗಸಾದುದು. ಅಲ್ಲಿ ಡ್ರಮ್ಮು ಸೈನ್ಯದಿಂದ ಬೀದಿಗಿಳಿದು ಊರಿನ ಸೊತ್ತಾಗಿದೆ. ವರ್ಷಕ್ಕೊಮ್ಮೆ 'ಫಾಸ್ನಾಖ್ಟ್' ಹಬ್ಬದ ಸೋಮವಾರ ಬೆಳಗಿನ ಜಾವ ಸರಿಯಾಗಿ 4 ಗಂಟೆಗೆ ಬೀದಿದೀಪಗಳೆಲ್ಲ ಆರುತ್ತವೆ. ಕಾಗದದ ಲಾಂದ್ರಗಳ ಬೆಳಕಿನಲ್ಲಿ ಕಿರುಕೊಳಲು, ಡ್ರಮ್ಮುಗಳು ಒಟ್ಟಿಗೆ ಎದ್ದು ನಡೆಯುತ್ತವೆ. ಅಲ್ಲಿನ ಡಾಕ್ಟರ್ ಫ್ರಿಟ್ಸ್ ಬರ್ಗರ್ ಎಂಬವರು ಈ ವಾದನವನ್ನು ಬರೆದಿಡಲು ಸುಲಭವಾದ ಉಪಾಯ ಕಂಡುಹಿಡಿದರು. ಒಂದೇ ಗೆರೆ, ಬಲಗೈ ಪೆಟ್ಟು ಗೆರೆಯ ಮೇಲೆ, ಎಡಗೈ ಪೆಟ್ಟು ಕೆಳಗೆ. ಎಷ್ಟು ಸರಳ!

ಇನ್ನು ಸ್ಕಾಟ್ಲೆಂಡು. ಬ್ರಿಟಿಷ್ ಸರ್ಕಾರವು ಹೈಲ್ಯಾಂಡ್ ಪಡೆಗಳಲ್ಲಿ ಪೈಪ್ ವಾದಕರಿಗೆ ಅಧಿಕೃತ ಸ್ಥಾನ ಕೊಟ್ಟದ್ದು 1854ರಲ್ಲಿ. ಡ್ರಮ್ಮಿನವರು ಸೈನ್ಯದಲ್ಲಿ ಅದಕ್ಕೂ ಮೊದಲೇ ಇದ್ದರು. ಪಕ್ಕದಲ್ಲಿದ್ದ ಅವರು ಬಂದು ಪೈಪಿನ ಜೊತೆಗೆ ನಿಂತರು. ಎಂದಮೇಲೆ ಈ ಜೋಡಿಯೇ ಒಂದು ಕೂಡಾವಳಿ. ನನ್ನ ಮಿತ್ರನು ಹುಡುಕುವ ಶುದ್ಧ ಕಾಲ ಯಾವುದೆಂದು ಅವನೇ ಹೇಳಬೇಕು.

ಕಳೆದ ಶತಮಾನದ ಮಧ್ಯದಲ್ಲಿ ಷಾಟ್ಸ್ ಮತ್ತು ಡೈಕ್‌ಹೆಡ್ ಬ್ಯಾಂಡಿನ ಅಲೆಕ್ಸ್ ಡಥಾರ್ಟ್ ಎಂಬ ಮಹಾವಾದಕನು ಬಾಸೆಲಿನ ಪೆಟ್ಟುಗಳನ್ನೂ ಬರ್ಗರರ ಒಂದು ಗೆರೆಯ ಲಿಪಿಯನ್ನೂ ತನ್ನವರಿಗೆ ತಂದುಕೊಟ್ಟನು. ಇಂದಿಗೂ ಪೈಪ್ ಬ್ಯಾಂಡಿನವರು ಬರೆಯುವುದು ಆ ಲಿಪಿಯಲ್ಲಿಯೇ. 1986ರಲ್ಲಿ ಆತ ತೀರಿಕೊಂಡನು.

ಆದರೆ ಆತನು ಕೈಗೆ ಸಿಕ್ಕಿದ್ದನ್ನೆಲ್ಲ ತುಂಬಿಕೊಂಡನೆ? ಇಲ್ಲ, ನನ್ನ ವಾದವಿರುವುದೇ ಇಲ್ಲಿ. ಬ್ಯಾಗ್‌ಪೈಪಿಗೆ ಓಲಗದಂತೆ ಶ್ರುತಿಯುಂಟು, ನಾದವುಂಟು. ಆದರೆ ಬೇಕೆಂದಾಗ ದನಿ ತಗ್ಗಿಸಲಾಗದು, ಏರಿಸಲಾಗದು, ನಡುವೆ ಬಿಡುವೂ ಇಲ್ಲ. ಹೀಗಾಗಿ ಬ್ಯಾಂಡಿನಲ್ಲಿ ಏರಿಳಿತವನ್ನು ತೋರಿಸುವ ಭಾರವೆಲ್ಲ ಡ್ರಮ್ಮಿನ ಮೇಲೆ. ಬಾಸೆಲಿನವರ ಮೆಲ್ಲಗೆ ಏರಿ ಇಳಿಯುವ ವಾದನ ಇದಕ್ಕೆ ಹೇಳಿಮಾಡಿಸಿದಂತಿತ್ತು, ಒಗ್ಗಿತು. ಅಮೆರಿಕದ ಸಾಂಪ್ರದಾಯಿಕ 'ರೋಲ್' ಬೇರೆ ಬಗೆಯದು: ಒಂದೊಂದು ಕೈಯಿಂದ ಎಣಿಸಿದಂತೆ ಎರಡೆರಡು ಬಿಡಿಪೆಟ್ಟು. ಸ್ಕಾಟರು ಅದಕ್ಕೆ ತಮ್ಮ ರೋಲನ್ನು ಬಿಟ್ಟುಕೊಡಲಿಲ್ಲ. ಕೋಲನ್ನು ಒತ್ತಿ ಪುಟಿಯಬಿಟ್ಟು, ಬಿಗಿದ ಚರ್ಮದ ಮೇಲೆ ಪಟ್ಟೆ ಹರಿದಂತೆ ಒಂದೇ ಸಮನೆ ಝರ್ರೆನ್ನಿಸುವ ರೋಲ್ ಅವರದು. ನಿಲ್ಲದ ಪೈಪಿಗೆ ನಿಲ್ಲದ ರೋಲ್! ಅವರ ರಾಗದ ಒಂದು ಗಿಡ್ಡ, ಒಂದು ಉದ್ದವೆಂಬ ಕುಂಟುನಡೆಯನ್ನೂ ಅವರು ಬಿಟ್ಟಿಲ್ಲ. ಮಿತ್ರನು ಕಲಬೆರಕೆಯೆಂದದ್ದನ್ನು ನಾನು ಆಯ್ಕೆಯೆನ್ನುತ್ತೇನೆ.

ಅವನ ಮಾತಿನಲ್ಲಿ ಸತ್ಯವೇ ಇಲ್ಲವೆಂದಲ್ಲ. ಗ್ಲಾಸ್ಗೋ ಸ್ಪರ್ಧೆಯಲ್ಲಿ ಪೈಪಿಗೆ ಇಬ್ಬರು, ಡ್ರಮ್ಮಿಗೆ ಒಬ್ಬರು, ಒಟ್ಟು ಮೇಳಕ್ಕೆ ಒಬ್ಬರು ತೀರ್ಪುಗಾರರು. ಕೆಲವು ವಾದನಗಳನ್ನು ಕೇಳಿದರೆ, ಆ ಡ್ರಮ್ಮಿನ ತೀರ್ಪುಗಾರನೊಬ್ಬನಿಗಾಗಿಯೇ ಬಾರಿಸುತ್ತಿರುವಂತೆ ತೋರುತ್ತದೆ. ಪೆಟ್ಟಿನ ಮೇಲೆ ಪೆಟ್ಟು, ರಾಗ ಎಲ್ಲೋ ಅಡಿಯಲ್ಲಿ. ನಮ್ಮ ಕಛೇರಿಗಳಲ್ಲಿಯೂ ಇಂತಹ ಪಕ್ಕವಾದ್ಯ ಅಪರೂಪವೇನಲ್ಲ.

ನಮ್ಮ ಸೈನ್ಯದ ಎಷ್ಟೋ ರೆಜಿಮೆಂಟುಗಳಲ್ಲಿ ಇಂದೂ ಪೈಪ್ ಬ್ಯಾಂಡುಗಳಿವೆ. ಜನವರಿ 29ರಂದು ದೆಹಲಿಯ ಬೀಟಿಂಗ್ ರಿಟ್ರೀಟಿನಲ್ಲಿ ಅವನ್ನು ಕೇಳಬಹುದು. ನಮ್ಮಂಥವರು ಡ್ರಮ್ ಕಲಿಯುವುದು ಮಾತ್ರ ಹಿರಿಯರ ಕೈ ನೋಡಿ. ನಾನೂ ಹಾಗೆಯೇ ಕಲಿತೆ. ಅವರ ತಪ್ಪುಗಳನ್ನೂ ಶ್ರದ್ಧೆಯಿಂದ ಕಲಿತೆ. ಬರುವ ವರ್ಷದ ಹೊಸಬರಿಗಾಗಿ ಬ್ಯಾಂಡಿನ ಕೋಣೆಯ ಕಪ್ಪುಹಲಗೆಯ ಮೇಲೆ ಒಂದು ಗೆರೆ ಎಳೆದಿಟ್ಟಿದ್ದೇನೆ: ಮೇಲೆ ಬಲ, ಕೆಳಗೆ ಎಡ. ದಯವಿಟ್ಟು ಯಾರೂ ಅಳಿಸಬಾರದು.