ಮಲ್ಲಯ್ಯನ ಹಾದಿ ಬಿಡುವುದು ಬೇಡ, ಸರಿ ಮಾಡಿಕೊಳ್ಳೋಣ

ಶಿವರಾತ್ರಿ ಮುಗಿದರೆ ಸಾಕು, ರೋಣ, ನರಗುಂದ, ಗಜೇಂದ್ರಗಡದ ಹಳ್ಳಿಗಳ ಕಟ್ಟೆಯ ಮೇಲೆ ಒಂದೇ ಮಾತು. ಈ ಸಲ ಶ್ರೀಶೈಲಕ್ಕೆ ಯಾರ್‍ಯಾರು ನಡೀತೀರಿ? ಜೋಳ, ಕಡಲೆ ರಾಶಿ ಮುಗಿದು ಎರೆ ಹೊಲ ಖಾಲಿ ಆಗಿರುತ್ತದೆ. ಮುಂಗಾರಿಗೆ ಇನ್ನೂ ದಿನ ಇರುತ್ತವೆ. ಕಂಬಿ ಹೊರುವವರು ಮಡಿಯಾಗುತ್ತಾರೆ. ಹೊಸ ಹುಡುಗರು ಹೊಸ ಚಪ್ಪಲಿ ತರುತ್ತಾರೆ, ಹಳಬರು ಹಳೆಯ ಚಪ್ಪಲಿಯೇ ಛಲೋ ಎನ್ನುತ್ತಾರೆ.

ಈಗ ಕೆಲವು ವರ್ಷದಿಂದ ಅದೇ ಕಟ್ಟೆಯ ಮೇಲೆ ಇನ್ನೊಂದು ಮಾತೂ ಕೇಳುತ್ತಿದೆ: "ಯಾಕ ಹೋಗ್ತಿ ತಮ್ಮಾ? ಅಲ್ಲಿ ಬಡಿದಾಟ ಆಕ್ಕಾವಂತ. ಬಸ್ಸಿಗೆ ಹೋಗಿ ದರ್ಶನ ಮಾಡ್ಕೊಂಡು ಬಾ."

ಈ ಮಾತು ಎಲ್ಲಿಂದ ಹುಟ್ಟಿತು ಎಂಬುದು ಎಲ್ಲರಿಗೂ ಗೊತ್ತು. 2022ರ ಯುಗಾದಿ ಏಪ್ರಿಲ್ 2ಕ್ಕೆ ಇತ್ತು. ಅದಕ್ಕೂ ಮುಂಚೆ, ಮಾರ್ಚ್ 30ರ ರಾತ್ರಿ, ಶ್ರೀಶೈಲದಲ್ಲಿ ಚಹಾದಂಗಡಿಯೊಂದರ ಮುಂದೆ ಶುರುವಾದ ಮಾತಿನ ಜಗಳ ಹೊಡೆದಾಟಕ್ಕೆ ಹೋಯಿತು. ಬಾಗಲಕೋಟೆ ಜಿಲ್ಲೆಯ ಯುವಕನೊಬ್ಬ ಗಂಭೀರವಾಗಿ ಗಾಯಗೊಂಡ. ಸಿಟ್ಟಿಗೆದ್ದ ನಮ್ಮ ಕಡೆಯವರು ಅಂಗಡಿಗಳನ್ನು ಕೆಡವಿದರು. ಅವರ ಕಡೆಯವರು ಕರ್ನಾಟಕದ ನಂಬರಿನ ಗಾಡಿಗಳ ಗಾಜು ಒಡೆದರು. ಪೊಲೀಸರು ಬಂದು ಹತೋಟಿಗೆ ತಂದರು.

ಆ ರಾತ್ರಿಯ ಬಗ್ಗೆ ನಾವು ಒಂದು ಮಾತು ಒಪ್ಪಿಕೊಳ್ಳಬೇಕು. ನಾವು ಎಂದರೆ ಈ ಮೂರು ತಾಲ್ಲೂಕಿನ ಸುದ್ದಿ ಬರೆಯುವ ಸ್ಟ್ರಿಂಜರ್‌ಗಳು. ನಡುರಾತ್ರಿಯಿಂದ ನಮ್ಮ ಫೋನ್ ಬಿಡುವಿಲ್ಲದೆ ಬಡಿದುಕೊಂಡವು. "ಅಣ್ಣಾ, ನಮ್ಮ ಹುಡುಗರು ಅಲ್ಲೇ ಅದಾರ, ಏನಾಗೇತಿ ಹೇಳ್ರಿ" ಎಂದು ಕೇಳುವವರೇ ಎಲ್ಲ. ನಮಗೂ ಏನೂ ಗೊತ್ತಿರಲಿಲ್ಲ. ಬಂದ ವಿಡಿಯೋವನ್ನು ನಮ್ಮಲ್ಲೊಬ್ಬರು ಊರಿನ ಗ್ರೂಪಿಗೆ ಹಾಕಿದೆವು. ಅದು ಬೇರೆ ಯಾವುದೋ ಊರಿನ ಹಳೆಯ ಗಲಾಟೆ ಎಂದು ಅರ್ಧ ತಾಸಿನ ಮೇಲೆ ತಿಳಿಯಿತು. ಅಳಿಸಿದೆವು. ಅಷ್ಟರಲ್ಲಿ ಅದು ಹತ್ತಾರು ಗ್ರೂಪಿಗೆ ಹೋಗಿಬಿಟ್ಟಿತ್ತು. ಮರುದಿನ ಹಳ್ಳಿಯೊಂದಕ್ಕೆ ಹೋದಾಗ ಒಬ್ಬ ಅವ್ವ ನಮ್ಮ ಮುಂದೆ ಕೂತು ಹೇಳಿದಳು: "ಆ ವಿಡಿಯೋದಾಗ ಬಿದ್ದಾಂವ ನನ್ನ ಮಗನ ಅನ್ಕೊಂಡು ಮಧ್ಯಾಹ್ನದ ತನ ನೀರು ಕುಡೀಲಿಲ್ಲಪ್ಪಾ." ಮಗ ಆಗ ಇನ್ನೂ ಆತ್ಮಕೂರಿನ ಹತ್ತಿರ ದಾಸೋಹದಲ್ಲಿ ಉಣ್ಣುತ್ತಿದ್ದ. ಫೋನಿನ ಚಾರ್ಜು ಮುಗಿದಿತ್ತು, ಅಷ್ಟೇ.

ಆ ಅವ್ವನ ಮುಖ ನೆನಪಿದೆ. ಅದಕ್ಕೇ ಈ ಬರಹ.

ಮೊದಲು ಹಾದಿ ಯಾವುದು ಎಂದು ನೋಡೋಣ. ನಮ್ಮ ಕಡೆಯ ಬಹಳ ಮಂದಿ ಗಜೇಂದ್ರಗಡ ದಾಟಿ ಕುಷ್ಟಗಿ, ತಾವರಗೇರಾ, ಸಿಂಧನೂರು ಹಿಡಿಯುತ್ತಾರೆ. ತುಂಗಭದ್ರೆ ದಾಟಿ ಸಿರುಗುಪ್ಪ, ಅಲ್ಲಿಂದ ಆಂಧ್ರ. ಎಮ್ಮಿಗನೂರು, ಕರ್ನೂಲು, ನಂದಿಕೊಟ್ಕೂರು, ಆತ್ಮಕೂರು. ಹೆಚ್ಚುಕಡಿಮೆ 350ರಿಂದ 400 ಕಿ.ಮೀ. ಹತ್ತು ಹನ್ನೆರಡು ದಿನದ ನಡಿಗೆ. ಮಾರ್ಚ್ ತಿಂಗಳ ರಾಯಲಸೀಮೆಯ ಬಿಸಿಲು ಎಂಥದು ಎಂದು ನಡೆದವರನ್ನೇ ಕೇಳಬೇಕು.

ಆತ್ಮಕೂರಿನಿಂದ ಡಾಂಬರು ರಸ್ತೆಯಲ್ಲಿ ದೋರ್ನಾಲ ಸುತ್ತಿ ಹೋದರೆ ನೂರು ಕಿ.ಮೀ. ಮೇಲಾಗುತ್ತದೆ. ನಡೆಯುವವರು ವೆಂಕಟಾಪುರದ ಹತ್ತಿರ ಕಾಡು ಹೊಗುತ್ತಾರೆ. ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳ, ಕೈಲಾಸದ್ವಾರ. ಹೆಚ್ಚುಕಡಿಮೆ ಅರ್ಧ ದೂರ ಉಳಿಯುತ್ತದೆ, ಆದರೆ ಕಲ್ಲು, ಏರು, ನೀರಿನ ಕೊರತೆ. ಇದೇ ನಲ್ಲಮಲ.

ಈ ಕಾಡು ಎಂದೂ ಸುಮ್ಮನೆ ಇದ್ದ ಕಾಡಲ್ಲ. ಒಂದು ಕಾಲಕ್ಕೆ ನಕ್ಸಲರ ದೊಡ್ಡ ನೆಲೆ. 2004ರ ಅಕ್ಟೋಬರ್‌ನಲ್ಲಿ ಅವರ ನಾಯಕರು ಕಾಡಿನಿಂದ ಹೊರಬಂದು ಹೈದರಾಬಾದಿನಲ್ಲಿ ಸರ್ಕಾರದ ಜೊತೆ ಮಾತುಕತೆಗೆ ಕೂತರು. ಮುಂದಿನ ವರ್ಷದ ಆರಂಭದಲ್ಲೇ ಆ ಮಾತುಕತೆ ಮುರಿದುಬಿತ್ತು. 2009ರ ಸೆಪ್ಟೆಂಬರ್ 2ರಂದು ಆಗಿನ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿಯವರ ಹೆಲಿಕಾಪ್ಟರ್ ಬಿದ್ದದ್ದು ಇದೇ ನಲ್ಲಮಲದಲ್ಲಿ. ಇಡೀ ಸರ್ಕಾರ ಹುಡುಕಿದರೂ ಜಾಗ ಸಿಕ್ಕದ್ದು ಮರುದಿನ. ಅಂಥ ದಟ್ಟ ಅಡವಿ. ಈಗ ಅದು ಹುಲಿ ಸಂರಕ್ಷಿತ ಪ್ರದೇಶ. ರಾತ್ರಿ 9ರಿಂದ ಬೆಳಗಿನ 6ರ ತನಕ ದೋರ್ನಾಲದ ಘಾಟಿನಲ್ಲಿ ಗಾಡಿ ಬಿಡುವುದಿಲ್ಲ.

ನಕ್ಸಲರ ಕಾಲದಲ್ಲೂ ನಮ್ಮವರು ನಡೆದಿದ್ದಾರೆ. ರೋಣದ ಕಡೆಯ ಒಬ್ಬ ಹಿರಿಯರು ನಮಗೆ ಹೇಳಿದ್ದು ಹೀಗೆ: "ಆಗ ಪೊಲೀಸರಿಗೂ ಅಂಜಿಕಿ, ಕಾಡಿನ ಮಂದಿಗೂ ಅಂಜಿಕಿ. ಹೆಗಲ ಮ್ಯಾಲೆ ಕಂಬಿ ನೋಡಿದ್ರ ಇಬ್ರೂ ಹಾದಿ ಬಿಡತಿದ್ರು." ಎಲ್ಲರ ಅನುಭವವೂ ಹೀಗೇ ಇತ್ತು ಎಂದು ನಾವು ಹೇಳುವುದಿಲ್ಲ. ಆದರೆ ಕಂಬಿ ಹೊತ್ತವನಿಗೆ ಅಂದು ಒಂದು ಮರ್ಯಾದೆ ಇತ್ತು. ಆ ಮರ್ಯಾದೆ ಉಳಿಸಿಕೊಂಡಿದ್ದೇವೆಯೇ ಎಂಬುದು ನಮ್ಮ ಪ್ರಶ್ನೆ.

ನಡಿಗೆ ಬೇಡ ಎನ್ನುವವರ ಮಾತು ಮೂರು ಬಗೆ. ಮೂರನ್ನೂ ನಾವು ಹಗುರಾಗಿ ತೆಗೆದುಕೊಳ್ಳುವುದಿಲ್ಲ.

ಒಂದು, ಅಪಾಯ. ಪರರಾಜ್ಯ, ಪರಭಾಷೆ, ಗಲಾಟೆಯಾದರೆ ಯಾರಿದ್ದಾರೆ ಎಂಬ ಭಯ. ಇದು ನಿಜವಾದ ಭಯ. ಆದರೆ ಒಂದು ಲೆಕ್ಕ ಹಾಕಿ ನೋಡಿ. ನಮ್ಮ ಊರುಗಳಿಂದ ದುಡಿಯಲು ಗೋವಾಕ್ಕೆ ಹೋದವರು ಎಷ್ಟು ಮಂದಿ? 2015ರ ಜುಲೈಯಲ್ಲಿ ನರಗುಂದದಲ್ಲಿ ಮಹದಾಯಿಗಾಗಿ ಧರಣಿ ಕೂತಾಗ ಗೋವಾದಲ್ಲಿರುವ ನಮ್ಮವರಿಗೆ ಏನಾದೀತು ಎಂಬ ಭಯ ಇರಲಿಲ್ಲವೇ? 2017ರಲ್ಲಿ ವಾಸ್ಕೋದ ಬೈನಾದಲ್ಲಿ ಕನ್ನಡಿಗರ ಮನೆಗಳನ್ನು ಕೆಡವಿದರು. ಆದರೂ ಗೋವಾದ ಬಸ್ಸು ಖಾಲಿ ಹೋಗಲಿಲ್ಲ. 2025ರ ಫೆಬ್ರುವರಿಯಲ್ಲಿ ಬೆಳಗಾವಿ ಹತ್ತಿರ ನಮ್ಮ ಸಾರಿಗೆ ಬಸ್ಸಿನ ಕಂಡಕ್ಟರ್ ಮೇಲೆ ಹಲ್ಲೆಯಾಯಿತು, ಮಹಾರಾಷ್ಟ್ರದ ಬಸ್ಸುಗಳ ಓಡಾಟಕ್ಕೆ ಪೆಟ್ಟು ಬಿತ್ತು. ಮತ್ತೆ ಬಸ್ಸು ಬಿಟ್ಟ ದಿನ ನಮ್ಮವರು ಹತ್ತಿದರು. ಹೊಟ್ಟೆಗಾಗಿ ಹೋಗುವಾಗ ಯಾರೂ ಬೇಡ ಎನ್ನುವುದಿಲ್ಲ. ತಂಟೆ ಇದೆ ಎಂದು ಹಾದಿ ಬಿಟ್ಟಿದ್ದರೆ ನಮ್ಮ ಅರ್ಧ ಊರು ಉಪವಾಸ ಇರುತ್ತಿತ್ತು.

ಎರಡು, ಉಪದ್ರವ. ಇದು ನಮ್ಮ ಕಡೆ ಬೆರಳು ತೋರಿಸುವ ಮಾತು, ಅದಕ್ಕೇ ಕಹಿ. ಟ್ರ್ಯಾಕ್ಟರ್ ಮೇಲೆ ಡಿ.ಜೆ. ಕಟ್ಟಿಕೊಂಡು ನಡುರಾತ್ರಿ ಇನ್ನೊಬ್ಬರ ಊರಲ್ಲಿ ಕುಣಿಯುವವರು ನಮ್ಮಲ್ಲಿದ್ದಾರೆ. ಗುಂಪಾಗಿ ಅಂಗಡಿಗೆ ನುಗ್ಗಿ ದುಡ್ಡು ಕೊಡದೆ ಬರುವವರಿದ್ದಾರೆ. ಹುಲಿಯ ಕಾಡಿನಲ್ಲಿ ನೀರಿನ ಪಾಕೀಟು, ಬಾಟಲಿ, ತಟ್ಟೆ ಚೆಲ್ಲಿ ಬರುತ್ತೇವೆ. ಆ ಕಾಡು ಚೆಂಚು ಜನರ ಮನೆ. ಮಲ್ಲಯ್ಯ ತಮ್ಮ ಅಳಿಯ ಎಂದು ನಂಬಿದವರು ಅವರು. ಅವರ ಅಂಗಳದಲ್ಲಿ ಕಸ ಚೆಲ್ಲಿ ದೇವರ ಹೆಸರು ಹೇಳಿದರೆ ಹೇಗೆ?

ಅಂಗಡಿಯವರೂ ಸಾಚಾ ಅಲ್ಲ. ಜಾತ್ರೆ ಬಂದರೆ ನೀರಿನ ಬೆಲೆ, ಕೋಣೆಯ ಬೆಲೆ ಏರುತ್ತದೆ. ನಮ್ಮ ಕಡೆಯ ಜಾತ್ರೆಗಳಲ್ಲೂ ಇದೇ ಕಥೆ. ದರ ಬರೆದ ಫಲಕ ಹಾಕಿಸಿ, ಅದರಂತೆ ಮಾರಿಸುವುದು ಅಲ್ಲಿನ ಆಡಳಿತದ ಕೆಲಸ. ಆದರೆ ಬೆಲೆಯ ಜಗಳಕ್ಕೆ ಭಾಷೆಯ ಬಣ್ಣ ಬಳಿಯುವುದು ನಮ್ಮ ಫೋನುಗಳ ಕೆಲಸ.

ಮೂರು, ಧರ್ಮದ ಮಾತು. ಕೊರಳಲ್ಲಿ ಇಷ್ಟಲಿಂಗ ಇರುವಾಗ ಬೆಟ್ಟಕ್ಕೇಕೆ ಹೋಗಬೇಕು ಎಂದು ಕೇಳುವವರು ನಮ್ಮಲ್ಲಿದ್ದಾರೆ. ಶರಣರ ವಿಚಾರ ಓದಿದವರ ಪ್ರಶ್ನೆ ಅದು, ಗೌರವದಿಂದ ಕೇಳಬೇಕು. ಆದರೆ ಇನ್ನೊಂದನ್ನೂ ನೆನೆಯಬೇಕು. 12ನೇ ಶತಮಾನದಲ್ಲಿ ಅಕ್ಕಮಹಾದೇವಿ ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ ಹೋದಳು. ಒಂಟಿ ಹೆಣ್ಣು, ಅರಸನ ಮನೆ ಬಿಟ್ಟು ಬಂದವಳು. ಆಗಲೂ ಪ್ರಶ್ನೆ ಎದ್ದವು. ಅನುಭವ ಮಂಟಪದಲ್ಲಿ ಅಲ್ಲಮಪ್ರಭು ಅವಳನ್ನು ನೇರವಾಗಿಯೇ ಪರೀಕ್ಷಿಸಿದ. ಉತ್ತರ ಕೊಟ್ಟು ಅವಳು ಮುಂದೆ ನಡೆದಳು. ಕೊನೆಗೆ ಅಲ್ಲಮನೂ ಅದೇ ಶ್ರೀಶೈಲದ ಹಾದಿ ಹಿಡಿದ ಎನ್ನುತ್ತದೆ ಪರಂಪರೆ. ಹೋಗಬೇಕೋ ಬೇಡವೋ ಎಂಬ ವಾದ ಈ ಹಾದಿಯಷ್ಟೇ ಹಳೆಯದು. ವಾದ ಇರಲಿ, ಹಾದಿಯೂ ಇರಲಿ.

ನಾವು ನಡಿಗೆಯ ಪರ ಇದ್ದೇವೆ. ಕಾರಣ ಭಕ್ತಿಯೊಂದೇ ಅಲ್ಲ. ಎಮ್ಮಿಗನೂರಿನ ಆಚೆ ಒಂದು ತೆಲುಗು ಹಳ್ಳಿಯಲ್ಲಿ ನಮ್ಮ ತಂಡ ನಿಂತಾಗ ಒಬ್ಬ ಮುದುಕಿ ಮಜ್ಜಿಗೆಯ ಕೊಡ ಇಟ್ಟುಕೊಂಡು ಕೂತಿದ್ದಳು. ಅವಳ ತೆಲುಗು ನಮಗೆ ಅರ್ಧ ತಿಳಿಯಿತು, ನಮ್ಮ ಕನ್ನಡ ಅವಳಿಗೆ ಅರ್ಧ. ನಮ್ಮ ಕಾಕಾ ಒಬ್ಬರ ಕಾಲಿನ ಬೊಬ್ಬೆ ನೋಡಿ ತಾನೇ ಎದ್ದು ಹೋಗಿ ಅರಿಶಿನ, ಎಣ್ಣೆ ತಂದಳು. ದುಡ್ಡು ಕೊಡಲು ಹೋದರೆ ಕೈಮುಗಿದಳು. ಶ್ರೀಶೈಲದ ಭ್ರಮರಾಂಬೆಯನ್ನು ನಮ್ಮವರು ಮನೆಮಗಳು ಎಂದು ತಿಳಿದು ಸೀರೆ, ಕುಪ್ಪಸ ಒಯ್ಯುತ್ತಾರೆ. ಮಗಳನ್ನು ಕೊಟ್ಟ ಊರಿನ ಜೊತೆ ಜಗಳ ಬರುವುದುಂಟು. ಅದಕ್ಕಾಗಿ ಮಗಳ ಮನೆಗೆ ಹೋಗುವುದನ್ನು ಯಾರೂ ಬಿಡುವುದಿಲ್ಲ. ಹೋದಾಗ ಬೀಗರ ಮನೆಯ ಪಾತ್ರೆ ಒಡೆಯುವುದೂ ಇಲ್ಲ.

ಬಸ್ಸಿನಲ್ಲಿ ಹೋದವನಿಗೆ ಆ ಮುದುಕಿ ಸಿಗುವುದಿಲ್ಲ. ಅವನಿಗೆ ಸಿಗುವುದು ಜಾತ್ರೆಯ ಅಂಗಡಿಯವನು ಒಬ್ಬನೇ. ಆಮೇಲೆ ಅವನು ಊರಿಗೆ ಬಂದು ಆ ಕಡೆಯ ಮಂದಿಯೇ ಹಾಗೆ ಎಂದು ಹೇಳುತ್ತಾನೆ. ನಡೆದು ಬಂದವನು ಹಾಗೆ ಹೇಳಲಾರ.

ಹಾಗಂತ ಕಣ್ಣುಮುಚ್ಚಿ ನಡೆಯಿರಿ ಎಂದು ನಾವು ಹೇಳುವುದಿಲ್ಲ. ಮುಂದಿನ ಯುಗಾದಿಗೆ ಮುಂಚೆ ಪ್ರತಿ ಊರಲ್ಲಿ ಆಗಬೇಕಾದ ಕೆಲಸ ಇವು.

ಯಾರು ಹೊರಟರು, ಯಾವ ತಂಡ, ಯಾರ ಫೋನ್ ನಂಬರ್, ಮನೆಯಲ್ಲಿ ಯಾರಿಗೆ ಹೇಳಬೇಕು ಎಂಬ ಪಟ್ಟಿ ಗ್ರಾಮ ಪಂಚಾಯಿತಿಯಲ್ಲಿ ಇರಲಿ. ಒಂದು ಹಾಳೆ ಸಾಕು. ಆ ರಾತ್ರಿ ಆ ಹಾಳೆ ಇದ್ದಿದ್ದರೆ ಆ ಅವ್ವ ನೀರು ಕುಡಿಯುತ್ತಿದ್ದಳು.

ತಂಡಕ್ಕೆ ಒಬ್ಬ ಹಿರಿಯ ಇರಲಿ, ಅವನ ಮಾತು ನಡೆಯಲಿ. ಕುಡಿದವನನ್ನು ತಂಡದಿಂದ ಹೊರಗೆ ಇಡಲಿ. ತೆಲುಗು ಬರುವ ಒಬ್ಬ ಜೊತೆಗಿರಲಿ. ಸಿಂಧನೂರು, ಸಿರುಗುಪ್ಪ ಕಡೆ ಅಂಥವರು ಬೇಕಾದಷ್ಟು ಸಿಗುತ್ತಾರೆ.

ಹೆದ್ದಾರಿಯಲ್ಲಿ ನಸುಕಿನಲ್ಲಿ ನಡೆಯುವವರು ಬೆನ್ನಿಗೆ ಹೊಳೆಯುವ ಪಟ್ಟಿ ಹಾಕಿಕೊಳ್ಳಲಿ. ಕತ್ತಲಲ್ಲಿ ಲಾರಿಯವನಿಗೆ ಕಂಬಿ ಕಾಣುವುದಿಲ್ಲ. ಕಾಡಿನ ಹಾದಿಯನ್ನು ಅರಣ್ಯ ಇಲಾಖೆ ಬಿಟ್ಟ ದಿನಗಳಲ್ಲಿ ಮಾತ್ರ, ಹಗಲಲ್ಲಿ ಮಾತ್ರ ಹಿಡಿಯಲಿ. ಒಯ್ದ ಪ್ಲಾಸ್ಟಿಕ್ಕನ್ನು ಅದೇ ಚೀಲದಲ್ಲಿ ವಾಪಸು ತರಲಿ.

ಸರ್ಕಾರದ ಪಾಲೂ ಇದೆ. ತುರ್ತು ಕರೆಗೆ 112, ಆಂಬುಲೆನ್ಸಿಗೆ 108 ಎರಡೂ ರಾಜ್ಯದಲ್ಲಿ ನಡೆಯುತ್ತವೆ. ಆದರೆ ಗಡಿ ದಾಟಿದ ಮೇಲೆ ಆ ಕಡೆಯಿಂದ ಬರುವುದು ತೆಲುಗು. ಗಾಬರಿಯಲ್ಲಿದ್ದವನಿಗೆ ತೆಲುಗಿನಲ್ಲಿ ಜಾಗ ಹೇಳಲು ಆಗುವುದಿಲ್ಲ. ಯುಗಾದಿಯ ಆ ಹದಿನೈದು ದಿನ ಕರ್ನೂಲು, ಆತ್ಮಕೂರು, ಶ್ರೀಶೈಲದಲ್ಲಿ ಕನ್ನಡ ಬಲ್ಲ ಪೊಲೀಸರು, ಒಂದು ಸಹಾಯ ಕೇಂದ್ರ, ಒಂದೇ ಫೋನ್ ನಂಬರ್ ಬೇಕು. ಎರಡು ರಾಜ್ಯದ ಅಧಿಕಾರಿಗಳು ಹಬ್ಬಕ್ಕೆ ಮುಂಚೆ ಕೂತು ಮಾತಾಡಿದರೆ ಆಗುವ ಕೆಲಸ ಇದು. ನಮ್ಮ ಶಾಸಕರನ್ನು ಇದನ್ನೇ ಕೇಳಿ. ಟೀ ಶರ್ಟು, ಬ್ಯಾನರ್ ಆಮೇಲೆ ಕೊಡಲಿ.

ಕೊನೆಗೆ ನಮ್ಮ ಪಾಲು. ಈ ಬ್ಲಾಗಿನವರು ಒಂದು ನೇಮ ಹಾಕಿಕೊಂಡಿದ್ದೇವೆ. ಹಾದಿಯಲ್ಲಿ ಏನೇ ಆದರೂ, ಅಲ್ಲೇ ಇರುವ ಇಬ್ಬರ ಜೊತೆ ಮಾತಾಡುವ ತನಕ ನಾವು ಏನನ್ನೂ ಹಾಕುವುದಿಲ್ಲ. ತಡವಾಗಿ ಬಂತು ಎಂದು ನೀವು ಬೈದರೂ ಚಿಂತೆಯಿಲ್ಲ. ನೀವೂ ಅಷ್ಟು ಮಾಡಿ. ಯಾವುದೋ ವಿಡಿಯೋ ಬಂದರೆ ಮುಂದೆ ಕಳಿಸುವ ಮೊದಲು ಊರಿನ ಪಟ್ಟಿ ತೆಗೆದು ಹುಡುಗನಿಗೇ ಫೋನ್ ಹಚ್ಚಿ. ಅವನು ಎತ್ತದಿದ್ದರೆ ಜೊತೆಗಾರನಿಗೆ ಹಚ್ಚಿ. ಅವನೂ ಎತ್ತದಿದ್ದರೆ ಚಾರ್ಜು ಮುಗಿದಿರಬಹುದು ಎಂದು ಒಂದು ತಾಸು ಕಾಯಿರಿ.

ಪಟ್ಟಿ ಬರೆಯಲು ಯುಗಾದಿಯ ತನಕ ಕಾಯಬೇಕಿಲ್ಲ. ಇವತ್ತು ಸಂಜೆ ಕಟ್ಟೆಯ ಮೇಲೆ ಕೂತಾಗ ಈ ಬರಹ ನಾಲ್ಕು ಮಂದಿಗೆ ಓದಿ ಹೇಳಿ. ಒಪ್ಪದವರಿದ್ದರೆ ಅವರ ಮಾತನ್ನೂ ನಮಗೆ ತಿಳಿಸಿ.